ಬಸುರಿನಲ್ಲಿ ಬೆಳ್ಳಗಾಗುವವರ ಮನೆ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಸುರಿಯಾದ ಮೇಲೆ ದಿನದಿಂದ ದಿನಕ್ಕೆ ಬೆಳ್ಳಗಾಗುತ್ತ ಹೋದಳು. ಸದಲಗಾದ ನಮ್ಮ ಓಣಿಗೆ ಓಣಿಯೇ ಹಿಗ್ಗಿತು. "ಏನ್ ಬಣ್ಣ ಬಂದೈತಿ ನೋಡ ಸಣ್ಣ ಸೊಸಿಗೆ! ಕೂಸು ಹಾಲಿನಂಗ ಹುಟ್ಟತೈತಿ" ಎಂದು ಬಂದವರೆಲ್ಲ ಗಲ್ಲ ಸವರಿ ನೆಟಿಕೆ ಮುರಿಯುತ್ತಿದ್ದರು. ಅವಳು ನಿಪ್ಪಾಣಿಯವಳು. ತಾಯಿ ಸಣ್ಣಂದಿನಲ್ಲೇ ತೀರಿದ್ದರಿಂದ ಚೊಚ್ಚಲ ಬಾಣಂತನವೂ ನಮ್ಮ ಮನೆಯಲ್ಲೇ ಎಂದಾಗಿತ್ತು. ನಾನು ಕಪ್ಪು. ಎರಡು ಹಡೆದರೂ ನನಗೆ ಯಾರೂ ನೆಟಿಕೆ ಮುರಿದಿರಲಿಲ್ಲ. ಸುಳ್ಳೇಕೆ ಹೇಳಲಿ, ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅತ್ತೆ. ಎಲ್ಲರಿಗಿಂತ ಹೆಚ್ಚು ಹೆದರಿದವರೂ ಅವರೇ. "ನಾನೂ ಬಸುರಾದಾಗೆಲ್ಲ ಹಿಂಗ ಬೆಳ್ಳಗಾಗ್ತಿದ್ದೆ ನೋಡವಾ. ಅದ ನನಗ ಮುಳುವಾತು" ಎನ್ನುತ್ತಿದ್ದರು. ಅವರು ಹಡೆದದ್ದು ಐದು, ಉಳಿದದ್ದು ಎರಡು: ನನ್ನ ಗಂಡ ಮತ್ತು ಮೈದುನ. ಮೊದಲನೆಯ ಬಸುರಿನಲ್ಲಿ ಎದುರುಮನೆಯ ಹೆಂಗಸು ಬಂದು, ಗಲ್ಲ ಹಿಡಿದು, "ನಿನ್ನ ಮ್ಯಾಲಿಂದ ಕಣ್ಣ ಕೀಳಾಕ ಆಗವಲ್ದು" ಎಂದಳಂತೆ. ವಾರ ಕಳೆಯುವುದರಲ್ಲಿ ಕೂಸು ದಿನ ತುಂಬದೆ ಹುಟ್ಟಿ, ಅಳದೆಯೇ ಹೋಯಿತು. ಅಂದಿನಿಂದ ಅತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ, ಅವಳೊಡನೆ ಒಂದು ಮಾತು ಆಡಿರಲಿಲ್ಲ. ಮುಂದೆ ಹೋದ ಎರಡು ಕೂಸುಗಳ ಲೆಕ್ಕವನ್ನೂ ಆ ಕಣ್ಣಿಗೇ ಹಚ್ಚಿದ್ದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಎದುರುಮನೆಯವಳೂ ಮುದುಕಿಯಾಗಿದ್ದಳು. ಆದರೂ ಅವಳು ಕಟ್ಟೆಗೆ ಬಂದು ಕೂತರೆ ನಮ್ಮ ಬಾಗಿಲು ಮುಚ್ಚುತ್ತಿತ್ತು.

ನಮ್ಮ ಮನೆಯ ಇನ್ನೊಂದು ಸಂಗತಿ ಹೇಳಬೇಕು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಥಣಿಯ ನನ್ನ ತವರಿನಲ್ಲೂ ಅದೇ ನೇಮ. ಆದರೆ ಅಲ್ಲಿ ನಮ್ಮಪ್ಪ ಬಿಸಿಲು ಅಂಗಳದಲ್ಲಿರುವಾಗಲೇ ಗದ್ದಲ ಎಬ್ಬಿಸಿ, ಹೆಣ್ಣು ಗಂಡು ಎಲ್ಲರನ್ನೂ ಒಂದೇ ಸಾಲಿಗೆ ಕೂರಿಸುತ್ತಿದ್ದ. ಇಲ್ಲಿ ಹಾಗಲ್ಲ. ಮೊದಲು ಗಂಡಸರ ಊಟ. ಗಂಡಸರು ದೂಧಗಂಗಾ ದಂಡೆಯ ಕಬ್ಬಿನ ಹೊಲದಿಂದ ಬರುವುದೇ ಹೊತ್ತು ಇಳಿದ ಮೇಲೆ. ಅವರು ಕೈಕಾಲು ತೊಳೆದು, ಬಿಸಿ ರೊಟ್ಟಿ ಒಂದೊಂದಾಗಿ ಉಂಡು ಏಳುವಷ್ಟರಲ್ಲಿ ಹೊರಗೆ ಕತ್ತಲೆ. ಅಡುಗೆಮನೆಯಲ್ಲಿ ರೊಟ್ಟಿ ಇರುತ್ತಿತ್ತು, ಪಲ್ಯ ಇರುತ್ತಿತ್ತು, ಉಣ್ಣಲು ಹೊತ್ತು ಇರುತ್ತಿರಲಿಲ್ಲ. ಹೆಂಗಸರು ಹಾಗೇ ಮಲಗಬೇಕು. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು, ಅಷ್ಟೇ.

ನಾನು ಮಾತ್ರ ಒಲೆಯ ಮುಂದೆ ನಿಂತೇ ಹೊತ್ತಿರುವಾಗ ಎರಡು ರೊಟ್ಟಿ ನುಂಗಿಬಿಡುತ್ತಿದ್ದೆ. ಅತ್ತೆ ಕಂಡೂ ಕಾಣದಂತೆ ಅತ್ತ ತಿರುಗುತ್ತಿದ್ದರು. ನೆಗೆಣ್ಣಿಗೆ, "ಬಾ ಇಲ್ಲಿ, ತಿನ್ನ. ಹೊಟ್ಟ್ಯಾಗಿನ ಕೂಸಿಗೆ ಹೊತ್ತೇನ್ ಗೊತ್ತೈತಿ?" ಎಂದರೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. "ಬ್ಯಾಡ ಅಕ್ಕಾ, ಅವರು ಉಣ್ಣೂಕಿಂತ ಮೊದಲ ಹ್ಯಾಂಗ?" ಎನ್ನುವಳು. ತಾಯಿಯಿಲ್ಲದೆ ಬೆಳೆದ ಹುಡುಗಿ, ಎಲ್ಲರಿಂದ ಚೊಲೋ ಅನ್ನಿಸಿಕೊಳ್ಳುವ ಹಂಬಲ ಅವಳಿಗೆ. ಆಗ ಚಾತುರ್ಮಾಸ ಬೇರೆ ನಡೆದಿತ್ತು. ಆ ನಾಲ್ಕು ತಿಂಗಳು ಮನೆಯಲ್ಲಿ ಸೊಪ್ಪು ತರುತ್ತಿರಲಿಲ್ಲ. ಬಸುರಿಗೆ ಬೇಕಾದರೆ ತಿನ್ನಲಿ ಎಂದು ಅತ್ತೆ ಬಾಯಿಬಿಟ್ಟು ಹೇಳಿದ್ದರು. ಅವಳೊಬ್ಬಳಿಗಾಗಿ ಯಾರು ತರಬೇಕು, ಯಾರು ಸೋಸಬೇಕು ಎಂದು ಅವಳೇ ಒಲ್ಲೆ ಎಂದಳು.

ನರ್ಸಬಾಯಿ ಬಂದು ರಕ್ತ ಹೆಚ್ಚಾಗುವ ಗುಳಿಗೆ ಕೊಟ್ಟುಹೋಗಿದ್ದರು. ನಾಲ್ಕು ದಿನ ನುಂಗಿದ ಮೇಲೆ ಹೊರಕಡೆ ಕಪ್ಪಗೆ ಹೋಗಲಾರಂಭಿಸಿತು. ಅತ್ತೆ ಗಾಬರಿಯಾದರು. "ಕರ್ರಗ ಹೊಂಟೈತಿ ಅಂದ್ರ ಕೂಸೂ ಕರ್ರಗಾಗ್ತೈತಿ. ಬಂದ ಬಣ್ಣ ಹೋಗ್ತೈತಿ. ಬಿಡ ಅತ್ಲಾಗ." ಗುಳಿಗೆಗಳೆಲ್ಲ ಹಿತ್ತಿಲ ಕರಿಬೇವಿನ ಬುಡಕ್ಕೆ ಹೋದವು. ಆ ವರ್ಷ ಆ ಗಿಡ ಚಿಗುರಿದ್ದೇ ಚಿಗುರಿದ್ದು. ಇವಳು ಮಾತ್ರ ಕೊಡ ಎತ್ತಿದರೆ ಏದುಸಿರು ಬಿಡುವಳು, ನಾಲ್ಕು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುವಳು. "ಅಕ್ಕಾ, ಕಿವ್ಯಾಗ ಢಬಢಬ ಅಂತೈತಿ" ಎನ್ನುವಳು. ಒಂದೇ ಸಮನೆ ಹಸಿ ಅಕ್ಕಿ ಮುಕ್ಕುವಳು. ಅತ್ತೆ ಅದನ್ನೂ ಬಸುರಿ ಬಯಕೆ ಎಂದು ಬಟ್ಟಲು ತುಂಬಿ ಕೊಡುತ್ತಿದ್ದರು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಆದರೆ ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಒಂಬತ್ತು ತಿಂಗಳಲ್ಲಿ ಬಿದ್ದ ಮೇಲೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡೆವು. ದೀಪಾವಳಿ ಇನ್ನೂ ಮುಂದಿತ್ತು. ಅಂದು ಬೆಳಿಗ್ಗೆಯಿಂದಲೇ ಅತ್ತೆ ಬೀದಿಬಾಗಿಲು ಹಾಕಿಸಿ, ಬಂದವರನ್ನೆಲ್ಲ ಹಿತ್ತಿಲಿನಿಂದ ಒಳಗೆ ಕರೆದರು. ಎದುರು ಕಟ್ಟೆಯ ಮೇಲೆ ಆ ಮುದುಕಿ ಕೂತಿದ್ದಳಲ್ಲ, ಅದಕ್ಕೆ. ನೆಗೆಣ್ಣಿಗೆ ಹಸಿರು ಇಳಕಲ್ ಸೀರೆ ಉಡಿಸಿ, ಅರಿಶಿನ ಹಚ್ಚಿ, ಗಲ್ಲಕ್ಕೆ ದೊಡ್ಡದೊಂದು ಕಾಡಿಗೆಯ ಬೊಟ್ಟಿಟ್ಟು ಮಣೆಯ ಮೇಲೆ ಕೂರಿಸಿದರು. ಹೆಂಗಸರು ಹಾಡಲು ಶುರು ಮಾಡಿದರು. ಬಳೆಗಾರ ಅವಳ ಕೈ ಹಿಡಿದು ಹಸಿರು ಬಳೆ ಏರಿಸಲು ಹೋದ. ಬಳೆ ಏರಲಿಲ್ಲ. ಕೈ ಬಾತುಕೊಂಡಿತ್ತು. ಅವನು ಬೆರಳನ್ನು ಮೆಲ್ಲಗೆ ಒತ್ತಿ, ನನ್ನ ಕಡೆ ನೋಡಿ, "ದೊಡ್ಡ ಬಾಯಾರ, ಈ ಉಗುರ ಹಿಂಗ್ಯಾಕ ಅದಾವ್ರಿ?" ಎಂದ.

ನೋಡಿದೆ. ಹಸಿರು ಬಳೆಯ ಪಕ್ಕದಲ್ಲಿ ಆ ಉಗುರುಗಳು ಸುಣ್ಣದಂತೆ ಬೆಳ್ಳಗಿದ್ದವು. ನಾನು ಬಸುರಿದ್ದಾಗ ನರ್ಸಬಾಯಿ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದ್ದು ನೆನಪಾಯಿತು. ಅವಳ ರೆಪ್ಪೆ ಜಗ್ಗಿದೆ. ಕೆಂಪೆಂಬುದೇ ಇರಲಿಲ್ಲ. ಅರಿಶಿನ ಒರೆಸಿದರೆ ತುಟಿಯೂ ಅಷ್ಟೇ. ಎಲ್ಲರೂ ನೆಟಿಕೆ ಮುರಿದ ಬಣ್ಣ ಬಣ್ಣವೇ ಆಗಿರಲಿಲ್ಲ, ಬಣ್ಣ ಹೋದದ್ದಾಗಿತ್ತು.

"ಹಾಡ ಬಂದ ಮಾಡ್ರಿ! ಇಕಿ ಮೈಯಾಗ ರಕ್ತನ ಇಲ್ಲ. ಚಿಕ್ಕೋಡಿಗೆ ಒಯ್ಯೂನು, ಈಗಿಂದೀಗ!" ಎಂದು ಕೂಗಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಅಂದು ಇನ್ನಷ್ಟು ಜೋರಾಯಿತು.

ಅತ್ತೆ ಕೆಂಡವಾದರು. "ಮಂಗಳ ಕಾರ್ಯದಾಗ ಏನ್ ಅಪಶಕುನ ನುಡೀತಿಬೇ? ಉಡಿ ತುಂಬಲಿ, ದೀಪಾವಳಿ ಆಗಲಿ, ಆಮ್ಯಾಲ ನೋಡೂನು."

ಅವರ ಮಾತು ಮುಗಿಯುವಷ್ಟರಲ್ಲಿ ನೆಗೆಣ್ಣಿ ಎದ್ದು ನಿಲ್ಲಲು ಹೋದಳು. ಯಾಕೆಂದು ಇಂದಿಗೂ ಗೊತ್ತಿಲ್ಲ. ಬಹುಶಃ ನಮ್ಮ ಜಗಳ ಬಿಡಿಸಲು. ಎದ್ದವಳು ನಿಂತಲ್ಲೇ ಕುಸಿದು ನನ್ನ ಕಾಲ ಮೇಲೆ ಬಿದ್ದಳು. ಬಿದ್ದವಳು ಹೊಟ್ಟೆ ಹಿಡಿದುಕೊಂಡು, "ಅಕ್ಕಾ, ಹೊಟ್ಟಿ ನೂಸಾಕತ್ತೈತಿ" ಎಂದಳು. ಇನ್ನೂ ದಿನ ತುಂಬಿರಲಿಲ್ಲ. ಹಾಡುತ್ತಿದ್ದವರ ಬಾಯಿ ತೆರೆದಂತೆಯೇ ಉಳಿಯಿತು.

ಗಂಡಸರಿಬ್ಬರೂ ಹೊಲದಲ್ಲಿದ್ದರು. ಓಣಿಯಲ್ಲಿ ನಾಲ್ಕು ಗಾಲಿಯ ಗಾಡಿ ಇದ್ದದ್ದು ಒಂದೇ ಮನೆಗೆ, ಎದುರುಮನೆಯವರ ಹಾಲಿನ ಟೆಂಪೋ. ನಾನು ಮುಚ್ಚಿದ ಬೀದಿಬಾಗಿಲು ಧಡಾರನೆ ತೆಗೆದು ಓಡಿದೆ. ಹಿಂದಿನಿಂದ ಅತ್ತೆ, "ಆ ಮನಿಗೆ ಹೋಗಬ್ಯಾಡ!" ಎಂದು ಚೀರಿದರು. ನಾನು ಕೇಳಲಿಲ್ಲ. ಕಟ್ಟೆಯ ಮೇಲಿದ್ದ ಮುದುಕಿಗೆ, "ಆಯಿ, ನಮ್ಮ ತಂಗಿ ಸಾಯಾಕತ್ತಾಳ. ಗಾಡಿ ಕೊಡ್ರಿ" ಎಂದೆ. ಅವಳು ಒಂದು ಮಾತೂ ಕೇಳಲಿಲ್ಲ. ಮಗನನ್ನು ಹೆಸರು ಹಿಡಿದು ಕೂಗಿ, "ಏಳಲೇ, ಗಾಡಿ ತಗಿ. ಕ್ಯಾನ ಎಲ್ಲಾ ಕೆಳಗ ಇಳಿಸು" ಎಂದಳು. ನಾವು ನೆಗೆಣ್ಣಿಯನ್ನು ಗೋಣಿಚೀಲದ ಮೇಲೆ ಮಲಗಿಸುವಾಗ ಮುದುಕಿಯೇ ಒಂದು ಗಂಟು ತಂದು ನನ್ನ ಮಡಿಲಿಗೆ ಹಾಕಿದಳು. ಅತ್ತೆ ಟೆಂಪೋ ಹತ್ತಿದರು, ಹತ್ತದೆ ಗತಿಯಿರಲಿಲ್ಲ. ಆದರೆ ದಾರಿಯುದ್ದಕ್ಕೂ ಸೆರಗಿನಿಂದ ನೆಗೆಣ್ಣಿಯ ಮುಖ ಮುಚ್ಚಿಯೇ ಕೂತಿದ್ದರು. ಮುದುಕಿಯ ಮಗ ಅದನ್ನು ಕನ್ನಡಿಯಲ್ಲಿ ಕಂಡು ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿದ.

ಚಿಕ್ಕೋಡಿಯಲ್ಲಿ ಹೆರಿಗೆಯ ದವಾಖಾನೆಯ ಡಾಕ್ಟರಬಾಯಿ ಅವಳ ರೆಪ್ಪೆ ಜಗ್ಗಿ ನೋಡಿದವರೇ ನಮ್ಮತ್ತ ತಿರುಗಿದರು. "ಇಷ್ಟ ದಿನ ಏನ್ ಮಾಡಾಕತ್ತಿದ್ರಿ? ಇಕಿ ಮೈಯಾಗ ಇರಬೇಕಾದ ರಕ್ತದಾಗ ಅರ್ಧಾನೂ ಇಲ್ಲ."

"ಬಸುರಾದ ಮ್ಯಾಲ ಬೆಳ್ಳಗಾಗ್ಯಾಳ್ರಿ" ಎಂದರು ಅತ್ತೆ. ದನಿಯಲ್ಲಿ ಇನ್ನೂ ಒಂದಿಷ್ಟು ಹೆಮ್ಮೆ ಉಳಿದಿತ್ತು.

"ಬೆಳ್ಳಗಲ್ಲಬೇ ಆಯಿ, ಬಿಳಚಿಕೊಂಡಾಳ. ತಾಯಿಗೆ ರಕ್ತ ಇಲ್ಲಂದ್ರ ಕೂಸಿಗೆ ಎಲ್ಲಿಂದ ಬರಬೇಕು? ಅದಕ್ಕ ಕೂಸು ಬೆಳದಿಲ್ಲ, ಅದಕ್ಕ ಮುಂಚೇನ ನೋವು ಬಂದೈತಿ. ಹಡಿಯೂವಾಗ ಎಲ್ಲಾರಿಗೂ ರಕ್ತ ಹೋಗ್ತೈತಿ. ಉಳಿದವರು ತಡ್ಕೋತಾರ. ಇಕಿ ಮೈಯಾಗ ಹೋಗಾಕ ಏನೂ ಉಳಿದಿಲ್ಲ. ಮಿರಜಿನ ದೊಡ್ಡ ದವಾಖಾನಿಗೆ ಒಯ್ಯಾಕ ಹೊತ್ತಿಲ್ಲ. ರಕ್ತ ಯಾರ ಕೊಡತೀರಿ, ಲಗೂ ಹೇಳ್ರಿ."

ಆ ಹೊತ್ತಿಗೆ ಓಣಿಯವರಿಂದ ಸುದ್ದಿ ತಿಳಿದು ಗಂಡಸರು ಫಟಫಟಿಯ ಮೇಲೆ ಬಂದು ಮುಟ್ಟಿದರು. ದವಾಖಾನೆಯ ಕಂಪೌಂಡರ್, ಹೊರಗೆ ರಿಕ್ಷಾ ನಿಲ್ದಾಣದಲ್ಲಿ ರಕ್ತ ಕೊಡುವವರು ಸಿಗುತ್ತಾರೆ, ಕರೆತರಲೇ ಎಂದ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಯಾರ್ಯಾರದೋ ಬ್ಯಾಡ. ಏನ್ ತಿಂದಿರತಾರೋ, ಏನ್ ಕುಡಿದಿರತಾರೋ. ನಮ್ಮ ಮನಿ ಸೊಸಿ ಮೈಯಾಗ ಅದು ಬ್ಯಾಡ." ನನ್ನ ಗಂಡ ಅಂಗಿಯ ತೋಳು ಮಡಚಿದರೆ ಅವನನ್ನೂ ತಡೆದರು. "ನೀವ ದುಡಿಯೋ ಗಂಡಸರು. ನಾಳೆ ಕಬ್ಬ ಕಡ್ಯಾಕ ಗ್ಯಾಂಗ ಬರತೈತಿ. ಅಶಕ್ತಿ ಬಂದ್ರ ಹ್ಯಾಂಗ? ನಂದ ತಗೋರಿ. ನಾ ಜಲ್ಮದಾಗ ಗಡ್ಡಿ ಗೆಣಸು ಮುಟ್ಟಿದಾಕಿ ಅಲ್ಲ. ನನ್ನ ರಕ್ತ ಶುದ್ಧ ಐತಿ."

ನನಗೆ ಮೈಯೆಲ್ಲ ಉರಿಯಿತು. "ಒಳಗ ಆಕಿ ಜೀಂವ ಹೋಗಾಕತ್ತೈತಿ, ನಿಮಗ ಕಬ್ಬಿನ ಚಿಂತಿ ಆಗೈತೇನ್ರಿ ಅತ್ತಿ? ಇರೋರೆಲ್ಲ ಕೊಡ್ರಿ! ನಾನೂ ಕೊಡತೀನಿ" ಎಂದು ಒದರಿದೆ. ಡಾಕ್ಟರಬಾಯಿ ಇಬ್ಬರನ್ನೂ ಗದರಿಸಿ, ನಾಲ್ವರನ್ನೂ ಸಾಲಾಗಿ ಬೆಂಚಿನ ಮೇಲೆ ಕೂರಿಸಿದರು. ಪರೀಕ್ಷೆ ಮಾಡುವವನು ಬಂದು ಎಲ್ಲರ ಬೆರಳಿಗೂ ಸೂಜಿ ಚುಚ್ಚಿ ಹೋದ. ಒಳಗಿನಿಂದ ನೆಗೆಣ್ಣಿಯ ನರಳಿಕೆ ಕೇಳುತ್ತಿತ್ತು. ಅದು ಜೋರಾದರೆ ಹೆದರಿಕೆ, ನಿಂತರೆ ಇನ್ನೂ ಹೆದರಿಕೆ. ಮೈದುನ ಗೋಡೆಗೆ ಹಣೆ ಹಚ್ಚಿ ಕೂತುಬಿಟ್ಟ.

ಡಾಕ್ಟರಬಾಯಿ ಹೊರಬಂದು ಮೊದಲು ಗಂಡಸರನ್ನು ನೋಡಿದರು. "ಇಬ್ಬರಿಗೂ ರಕ್ತ ತುಂಬಿ ತುಳುಕಾಕತ್ತೈತಿ. ಇಬ್ಬರದೂ ಹೊಂದತೈತಿ. ನಡೀರಿ ಒಳಗ." ಆಮೇಲೆ ನನಗೆ, "ನಿಂದ ಕಮ್ಮಿ ಐತಿ. ಆಗೂದಿಲ್ಲ" ಎಂದರು. ಕದ್ದು ರೊಟ್ಟಿ ತಿಂದರೂ ನನ್ನಲ್ಲಿ ರಕ್ತ ಅಷ್ಟೇ ಉಳಿದಿತ್ತು. ಕೊನೆಗೆ ಅತ್ತೆಯ ಹತ್ತಿರ ಬಂದು, ಅವರ ರೆಪ್ಪೆಯನ್ನೂ ಜಗ್ಗಿ ನೋಡಿ, ದನಿ ಇಳಿಸಿದರು. "ಆಯಿ, ನಿಮ್ಮ ಕಡಿಂದ ತಗೋಳ್ಳೂದಲ್ಲ, ನಿಮಗ ಕೊಡಬೇಕಾಗೈತಿ. ನೀವೂ ಸೊಸಿ ಹಂಗ ಅದೀರಿ. ಇದು ಇಂದ ನಿನ್ನಿದಲ್ಲ, ಭಾಳ ವರ್ಷದ್ದ ಕಾಣ್ತೈತಿ."

ಅತ್ತೆ ತಮ್ಮ ಬೆರಳಿಗೆ ಒತ್ತಿದ್ದ ಹತ್ತಿಯನ್ನು ತೆಗೆದು ನೋಡಿದರು. ಗಂಡಸರು ಒಳಗೆ ಹೋಗಿ ಮಲಗಿದರು, ಗಾಜಿನ ಬಾಟಲಿಗೆ ರಕ್ತ ಇಳಿಯಿತು, ಆ ಬಾಟಲಿ ನಮ್ಮ ಮುಂದೆಯೇ ಹೆರಿಗೆ ಕೋಣೆಗೆ ಹೋಯಿತು. ಅತ್ತೆ ಎಲ್ಲವನ್ನೂ ನೋಡುತ್ತ ಕೂತಿದ್ದರು.

ಕೂಸು ಹುಟ್ಟಿದಾಗ ಇನ್ನೂ ಬಿಸಿಲಿತ್ತು. ಹೆಣ್ಣು. ಅತ್ತದ್ದು ಬೆಕ್ಕಿನ ಮರಿಯ ಹಾಗೆ, ಒಂದೇ ಸಲ. ಹತ್ತಿಯಲ್ಲಿ ಸುತ್ತಿ ತಂದು ತೋರಿಸಿದರು. ನನ್ನ ಅಂಗೈ ಮತ್ತು ಮೊಳಕೈ ನಡುವೆ ಮುಗಿದುಹೋಗುವಷ್ಟಿತ್ತು. ನಾವಿನ್ನೂ ನಕ್ಕಿರಲೂ ಇಲ್ಲ, ಅಷ್ಟರಲ್ಲಿ ಒಳಗಿನಿಂದ, "ಬಟ್ಟಿ ತರ್ರಿ, ಇನ್ನೂ ಬಟ್ಟಿ ತರ್ರಿ" ಎಂಬ ಕೂಗು ಕೇಳಿತು. ಆಯಾ ಕೆಂಪಾದ ಬಟ್ಟೆ ಹಿಡಿದು ಓಡಿದಳು. ಇಷ್ಟೇ ರಕ್ತವಿದ್ದ ಹುಡುಗಿಯ ಮೈಯಿಂದ ಇಷ್ಟು ಹೇಗೆ ಹೊರಟಿತು ಎಂದು ನಾನು ಗೋಡೆ ಹಿಡಿದು ನಿಂತೆ. ಎರಡನೆಯ ಬಾಟಲಿ ಒಳಗೆ ಹೋಯಿತು, ನನ್ನ ಗಂಡನದು. ಅತ್ತೆ ಣಮೋಕಾರ ಮಂತ್ರ ಹಿಡಿದಿದ್ದರು, ನಡುನಡುವೆ ತಪ್ಪಿ ಮೊದಲಿನಿಂದ ಶುರು ಮಾಡುತ್ತಿದ್ದರು.

ಬಹಳ ಹೊತ್ತಿನ ಮೇಲೆ ಡಾಕ್ಟರಬಾಯಿ ಕೈ ಒರೆಸಿಕೊಳ್ಳುತ್ತ ಬಂದರು. "ರಕ್ತ ನಿಂತೈತಿ. ಕಣ್ಣ ತೆರದಾಳ. ಆ ಎರಡು ಬಾಟ್ಲಿ ಇಲ್ಲದಿದ್ರ ನಾ ಹೊರಗ ಬಂದು ಬ್ಯಾರೆ ಮಾತ ಹೇಳಬೇಕಾಗ್ತಿತ್ತು" ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತು ಗಳಗಳ ಅತ್ತುಬಿಟ್ಟೆ.

ಕಿಟಕಿಯಲ್ಲಿ ಹೊತ್ತು ಇಳಿಯುತ್ತಿತ್ತು. ಗಂಡಸರಿಬ್ಬರೂ ಸೋತು ಬೆಂಚಿಗೆ ಬಂದು ಕೂತಿದ್ದರು. ಅತ್ತೆ ನನ್ನ ಮಡಿಲಿನ ಗಂಟು ಎಳೆದುಕೊಂಡು ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ. ಗಂಡುಮಕ್ಕಳಿಬ್ಬರೂ ರೂಢಿಯಂತೆ ಕೈ ಚಾಚಿದರು. "ನಿಂದರ್ರಿ" ಎಂದರು ಅತ್ತೆ. ಮೊದಲ ರೊಟ್ಟಿ ಮುರಿದು ಬೆಲ್ಲ ಇಟ್ಟು ನನ್ನ ಕೈಗೆ ಕೊಟ್ಟರು. "ನೀ ತಿನ್ನವಾ. ಹೊತ್ತ ಮುಳಗಾಕತ್ತೈತಿ." ಆಮೇಲೆ ತಾವೊಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ ಕೇಳಿದರು. "ನಾ ಬಸುರಾದಾಗೆಲ್ಲ ಬೆಳ್ಳಗಾಗ್ತಿದ್ದೆ. ಹಂಗಾರ ಅದು... ದೃಷ್ಟಿ ಅಲ್ಲೇನ?"

ನಾನು ಅವರ ಕೈಯಲ್ಲಿದ್ದ ರೊಟ್ಟಿಯನ್ನು ಅವರ ಬಾಯಿಯ ಕಡೆಗೆ ತಳ್ಳಿದೆ. ಅವರು ಉಂಡರು. ಆ ರೊಟ್ಟಿ ಯಾರ ಮನೆಯದು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೂಸನ್ನು ಬಹಳ ದಿನ ಹತ್ತಿಯಲ್ಲೇ ಸುತ್ತಿ, ಎದೆಗೆ ಅವಚಿ, ಹನಿ ಹನಿ ಹಾಲು ಹಾಕಿ ಉಳಿಸಿಕೊಂಡರು. ದವಾಖಾನೆಯಿಂದ ಬಿಡುವಾಗ ದೀಪಾವಳಿ ಮುಗಿದು ಎಷ್ಟೋ ದಿನವಾಗಿತ್ತು. ಅದೇ ಹಾಲಿನ ಟೆಂಪೋ ಬಂದು ನಮ್ಮನ್ನು ಕರೆತಂದಿತು. ನಮ್ಮ ಮನೆಯ ಮುಂದೆ ಹೆಂಗಸರು ಆರತಿ ಹಿಡಿದು ನಿಂತಿದ್ದರು. ನೆಗೆಣ್ಣಿಯ ತುಟಿಗೆ ಆಗಲೇ ಒಂದಿಷ್ಟು ಕೆಂಪು ಬಂದಿತ್ತು. ಅದನ್ನು ಕಂಡ ಯಾರೋ ಒಬ್ಬಳು, "ಅಯ್ಯ, ಬಣ್ಣ ಎಲ್ಲಾ ಹೋತಲ್ಲವಾ!" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ, "ಹೋಗಲಿ, ಹಾಳಾಗಿ ಹೋಗಲಿ ಆ ಬಣ್ಣ" ಎಂದರು.

ಆಮೇಲೆ ಕೂಸನ್ನು ನೆಗೆಣ್ಣಿಯ ಕೈಯಿಂದ ತೆಗೆದುಕೊಂಡರು. ಆರತಿಯವರ ಕಡೆ ಹೋಗಲಿಲ್ಲ. ತಿರುಗಿ ಓಣಿ ದಾಟಿ ಎದುರುಮನೆಯ ಕಟ್ಟೆಗೆ ಹೋದರು. ಮುದುಕಿ ಅಂಜಿ, ಸೆರಗಿನಿಂದ ತನ್ನ ಕಣ್ಣು ಮುಚ್ಚಿಕೊಂಡು ಮುಖ ಅತ್ತ ತಿರುಗಿಸಿದಳು. ಇಷ್ಟು ವರ್ಷ ನಮ್ಮ ಮನೆಯ ಬಸುರಿಯರು ದಾಟಿದಾಗೆಲ್ಲ ಹಾಗೇ ಮಾಡುತ್ತಿದ್ದಳಂತೆ. ಅದು ನಮಗೆ ಗೊತ್ತೇ ಇರಲಿಲ್ಲ. ಅತ್ತೆ ಬಗ್ಗಿ ಆ ಸೆರಗನ್ನು ಕೈಯಿಂದ ಸರಿಸಿದರು. ಕಾಡಿಗೆಯ ಬೊಟ್ಟಿಲ್ಲದ ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿದರು.

"ನೋಡ" ಎಂದರು. "ಕಣ್ಣ ತುಂಬ ನೋಡ."